ಬೋಟಿಗೆ ಎಂಟು ಲೈಟು

ಅಕ್ಟೋಬರ್ 6, ಬೆಳಿಗ್ಗೆ 7

ಮತ್ತೆ ಎಣಿಸಿದೆ. ಎಂಟೇ. ಅಡುಗೆ ಕಟ್ಟೆ ಮೇಲೆ ಎರಡು, ಊಟದ ಮೇಜಿಗೆ ಎರಡು, ಮಲಗೋ ಕಡೆ ಎರಡು, ಬಚ್ಚಲಿಗೆ ಒಂದು, ಮೆಟ್ಟಿಲ ಹತ್ರ ಒಂದು. ಹಳೇ ಬಲ್ಬು ಒಂದೊಂದೂ ಹತ್ತು ವ್ಯಾಟು. ಹತ್ತೆಂಟ್ಲಿ ಎಂಬತ್ತು. ಹನ್ನೆರಡು ವೋಲ್ಟಿಂದ ಭಾಗಿಸಿದ್ರೆ ಆರೂ ಮುಕ್ಕಾಲು ಆಂಪ್ ಹತ್ರ. ದಿನಕ್ಕೆ ನಾಲ್ಕು ಗಂಟೆ ಉರಿಸಿದ್ರೆ ಇಪ್ಪತ್ತೇಳು ಆಂಪ್ ಅವರ್. ಬ್ಯಾಟರಿ ನೂರರದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಳೆದ್ರೆ ಆಯಸ್ಸು ಕಮ್ಮಿ. ಅಂದ್ರೆ ಕೈಗೆ ಸಿಗೋದು ಐವತ್ತು. ಐವತ್ತರಲ್ಲಿ ಇಪ್ಪತ್ತೇಳನ್ನ ಬರೀ ದೀಪ ತಿಂದ್ರೆ ಫ್ಯಾನು, ನೀರಿನ ಪಂಪು, ಪುಟ್ಟ ಫ್ರಿಜ್ಜು ಏನು ಉಪವಾಸ ಮಲಗ್ಬೇಕಾ?

ಹಾಸಿಗೆ ಇದ್ದಷ್ಟು ಕಾಲು ಚಾಚು. ಮೂವತ್ತೆಂಟು ವರ್ಷ ಮಕ್ಕಳಿಗೆ ಗಣಿತದ ಜೊತೆ ಇದನ್ನೂ ಹೇಳಿಕೊಟ್ಟೆ.

ಇವರು ಕಾಫಿ ಕುಡೀತಾ ಪುಸ್ತಕದೊಳಗೆ ಇಣುಕಿದ್ರು. "ಬೋಟಿಗೆ ಲೈಟ್ ಹಾಕ್ತಿದೀಯೋ, ಪಬ್ಲಿಕ್ ಪರೀಕ್ಷೆ ನಡೆಸ್ತಿದೀಯೋ?"

"ನೀವು ಸರ್ವೆ ಆಫೀಸಲ್ಲಿ ಮ್ಯಾಪ್ ಬಿಡಿಸ್ಕೊಂಡು ಕಾಲ ಹಾಕಿದೋರು. ಲೆಕ್ಕ ನನಗೆ ಬಿಡಿ" ಅಂದೆ. ನಕ್ಕರು. ಎದೆಗೆ ಸ್ಟೆಂಟ್ ಹಾಕಿಸ್ಕೊಂಡ ಮೇಲೆ ಎಲ್ಲದಕ್ಕೂ ನಗು. ಡಾಕ್ಟರು ಬೋಟ್ ಬೇಡ ಅನ್ನಲಿಲ್ಲ. "ನೋವು ಬಂದ್ರೆ ಒಂದು ಗಂಟೆಯೊಳಗೆ ಆಸ್ಪತ್ರೆ ಬಾಗಿಲಲ್ಲಿರ್ಬೇಕು, ಅಷ್ಟೇ" ಅಂದ್ರು. ಅಷ್ಟೇ ಅಂತೆ. ತಿಂಗಳಿಗೆ ಹದಿನೈದು ದಿನ ಹಿನ್ನೀರಿನ ಮೇಲೆ ಬೋಟಲ್ಲೇ ಇರೋದು ಇವರ ನಲವತ್ತು ವರ್ಷದ ಕನಸು. ಇರ್ಲಿ, ನಾನಿದೀನಲ್ಲ.

ಅಕ್ಟೋಬರ್ 8

ಲೈಟ್ ಅಂಗಡಿ. ಮಾಲೀಕನಿಗೆ ಲೂಮೆನ್ ಅಂದ್ರೇನು ಗೊತ್ತಿಲ್ಲ. ಬೆಳಕಿನ ಅಳತೆ ಕಣಪ್ಪಾ ಅಂದೆ. "ಅಮ್ಮ, ಇದು ಬೋಟಿಗೂ ಆಗುತ್ತೆ, ಕಾರಿಗೂ ಆಗುತ್ತೆ, ನಾಯಿಗೂಡಿಗೂ ಆಗುತ್ತೆ" ಅಂದ. ಡಬ್ಬ ಕಿತ್ಕೊಂಡು ನಾನೇ ಓದಿದೆ.

ಎಲ್‌ಇಡಿ. ಒಂದೂವರೆ ವ್ಯಾಟು. ಬಿಳಿ ಬೆಳಕಿಂದು ನೂರೈವತ್ತು ಲೂಮೆನ್, ಹಳದಿದು ನೂರಿಪ್ಪತ್ತು. ವ್ಯಾಟ್ ಅದೇ. ಅಂದ್ರೆ ಹಳದಿ ತಗೊಳ್ಳೋನು ದಡ್ಡ. ಎಂಟು ದೀಪಕ್ಕೆ ಹನ್ನೆರಡು ವ್ಯಾಟು, ಒಂದೇ ಒಂದು ಆಂಪ್! ನಾಲ್ಕು ಗಂಟೆಗೆ ನಾಲ್ಕು ಆಂಪ್ ಅವರ್. ಇಪ್ಪತ್ತೇಳೆಲ್ಲಿ, ನಾಲ್ಕೆಲ್ಲಿ. ಅಂಗಡಿಯಲ್ಲೇ ಕುಣಿಯೋಣ ಅನ್ನಿಸ್ತು. ಬಿಳಿದು ಎಂಟು ತಂದೆ.

ಅಕ್ಟೋಬರ್ 11

ಸೊನ್ನೆ ಬಂದಿದ್ದ. ಇವರ ತಮ್ಮ, ನನ್ನ ಮೈದುನ. ಬೋಟ್ ಕಟ್ಟೋ ಜೆಟ್ಟಿ ಪಕ್ಕ ಶೆಡ್ ಇಟ್ಕೊಂಡು ಬೋಟುಗಳಿಗೆ ವೈರಿಂಗ್ ಮಾಡ್ತಾನೆ. ಹತ್ತನೇ ಕ್ಲಾಸಲ್ಲಿ ನನ್ನ ಕೈಕೆಳಗೆ ಎರಡು ಸಲ ಗಣಿತದಲ್ಲಿ ಡುಮ್ಕಿ. ಒಂದು ಪೇಪರಲ್ಲಿ ಸೊನ್ನೆ ತಗೊಂಡಿದ್ದ. ಇಡೀ ಕ್ಲಾಸಿನ ಮುಂದೆ ಹಾಗೇ ಕರೆದೆ. ಅದೇ ಗಟ್ಟಿಯಾಯ್ತು. ಎರಡು ವರ್ಷ ಬಿಟ್ಟು ಆ ಮನೆಗೇ ಮದುವೆಯಾಗಿ ಹೋದ್ರೆ ಬಾಗಿಲಲ್ಲಿ ನಿಂತು "ನಮಸ್ತೆ ಮಿಸ್" ಅಂದ! ಐವತ್ಮೂರಾಯ್ತು, ಈಗಲೂ ನನ್ನೆದುರು ಕೂರಲ್ಲ. ಗಾಬರಿಯಾದ್ರೆ ಅತ್ತಿಗೆ ಹೋಗಿ ಮಿಸ್ ಬರುತ್ತೆ.

ಲೈಟ್ ಡಬ್ಬ ತಿರುಗಿಸಿ ತಿರುಗಿಸಿ ನೋಡಿದ. "ಅತ್ತಿಗೆ, ಇದು ಬೇಡ. ನನ್ನ ಹತ್ರ ಬೇರೆ ಇದೆ. ಎರಡು ವ್ಯಾಟಿಂದು. ಒಂದೊಂದಕ್ಕೂ ಪುಟ್ಟ ಫಿಲ್ಟರ್ ಡಬ್ಬಿ ಬರುತ್ತೆ."

"ಆ ಡಬ್ಬಿ ಎಷ್ಟು ಕುಡಿಯುತ್ತೆ?"

"ಸ್ವಲ್ಪ."

"ಸ್ವಲ್ಪ ಅನ್ನೋದು ಅಂಕಿಯೇನೋ?"

ತಲೆ ಕೆರ್ಕೊಂಡ. ನಾನೇ ಹಾಕಿದೆ. ಡಬ್ಬಿ ಸೇರಿ ಅವನದ್ದು ಒಂದೂವರೆ ಆಂಪ್. ನಾಲ್ಕು ಗಂಟೆಗೆ ಆರು. ನನ್ನದು ನಾಲ್ಕು. ದಿನಕ್ಕೆ ಎರಡು ಆಂಪ್ ಅವರ್ ದಂಡ. ಯಾಕಪ್ಪಾ ಅಂದೆ.

"ನಿಮ್ಮ ಲೈಟ್ ಸದ್ದು ಮಾಡುತ್ತೆ ಅತ್ತಿಗೆ. ನಮ್ಮ ಕಿವಿಗಲ್ಲ, ಜೆಟ್ಟಿ ಜೊತೆ ಮಾತಾಡೋ ರೇಡಿಯೋ ಕಿವಿಗೆ. ಇದರೊಳಗಿನ ಸರ್ಕ್ಯೂಟು ಅಗ್ಗದ್ದು. ರೇಡಿಯೋ ಬರೀ ಬುಸ್ಸ್ ಅನ್ನುತ್ತೆ. ಆ ಡಬ್ಬಿ ಅದನ್ನ ತಡೆಯುತ್ತೆ."

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ದೀಪ ಸದ್ದು ಮಾಡುತ್ತಂತೆ! "ಗುರುವಿಗೇ ತಿರುಮಂತ್ರ ಹಾಕ್ತೀಯೇನೋ ಸೊನ್ನೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಶೆಡ್ಡಲ್ಲಿ ಮಾಲು ಉಳಿದಿದೆ, ಅಷ್ಟೇ ತಾನೆ?" ಕಿವಿ ಕೆಂಪಾಯ್ತು ಅವನಿಗೆ. ಮೂವತ್ತೆಂಟು ವರ್ಷದ ಹಿಂದೆಯೂ ಹೀಗೇ ಆಗ್ತಿತ್ತು. ನಿಜ ಹೇಳ್ಬೇಕಂದ್ರೆ ನನಗೆ ಖುಷಿ.

ಇವರು ಮಾತ್ರ "ಅವನ ಕಸುಬು ಅದು, ಅವನ ಮಾತು ಕೇಳೋಣ ಕಣೇ" ಅಂದ್ರು. ಕಸುಬು ಅಂತೆ. ಏಳರ ಮಗ್ಗಿ ಬರಲ್ಲ.

ಅಕ್ಟೋಬರ್ 19

ಲೈಟ್ ಹಾಕಿದ್ದೂ ಅವನೇ. ಎಂಟನ್ನೂ ಕೂರಿಸಿದ. ವೈರನ್ನ ಒಂದೇ ಗೆರೆಯಲ್ಲಿ ಎಳೆದಿದಾನೆ, ಅದೊಂದು ಒಪ್ಕೋಬೇಕು. ಒಪ್ಕೊಂಡೆ ಅಂತ ಅವನಿಗೆ ಹೇಳಲಿಲ್ಲ.

ಸ್ವಿಚ್ ಹಾಕಿದೆ. ಫಳಾರ್! ಮೂಲೆಮೂಲೆಯೂ ಬೆಳ್ಳಗೆ. ಮೇಜಿನ ಮೇಲೆ ಬಿದ್ದ ಸಾಸಿವೆ ಹೆಕ್ಕಬಹುದು.

ಇವರು ಮಂಚದ ಮೇಲೆ ಕೂತು ಕಣ್ಣು ಕಿರಿದು ಮಾಡಿದ್ರು. "ಆಸ್ಪತ್ರೆ ವಾರ್ಡ್ ಥರ ಇದೆ ಕಣೇ. ತಲೆದಿಂಬಿನ ಹತ್ರ ಮಾತ್ರ ಒಂದು ಹಳದಿದು ಹಾಕ್ಸಣ. ಓದೋಕೆ."

"ಮೂವತ್ತು ಲೂಮೆನ್ ಕಮ್ಮಿ."

"ಮೂವತ್ತು ಲೂಮೆನ್ ನಾನು ಬಿಟ್ಟುಕೊಡ್ತೀನಿ ಮಾರಾಯ್ತಿ."

"ಒಂದಕ್ಕೆ ಒಂದು ನಿಯಮ, ಏಳಕ್ಕೆ ಒಂದು ನಿಯಮ ಇಲ್ಲ" ಅಂದೆ. "ಸರಿ ಬಿಡು" ಅಂದ್ರು. ಇವರ ಈ ಸರಿ ಬಿಡು ಕೇಳಿದ್ರೆ ಮೈ ಉರಿಯುತ್ತೆ. ಜಗಳ ಆಡೋ ಗಂಡ ಸಿಕ್ಕಿದ್ರೆ ನಾನು ಇಷ್ಟು ಕೆಟ್ಟವಳಾಗ್ತಿರಲಿಲ್ವೇನೋ. ಆ ಬೆಳಕಲ್ಲಿ ಮುಖ ಬಿಳುಚಿ ಕಾಣ್ತಿತ್ತು. "ಹೆಣದ ಹಾಗೆ ಕಾಣ್ತೀರಿ" ಅಂತ ತಮಾಷೆ ಮಾಡಿದೆ. ನಕ್ಕರು.

ಅಕ್ಟೋಬರ್ 27

ರೇಡಿಯೋ ಕೂರಿಸಿದ್ರು. ದ್ವೀಪ ದಾಟಿದ್ರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಅದಕ್ಕೇ ಜೆಟ್ಟಿ ಆಫೀಸು ರೇಡಿಯೋ ಇಲ್ದೆ ಬೋಟ್ ಬಿಡಲ್ಲ. ಗುಂಡಿ ಒತ್ತಿ ಮಾತಾಡ್ಬೇಕು, ಬಿಟ್ಟು ಕೇಳ್ಬೇಕು. ಆಫೀಸಿನ ರೇಡಿಯೋ ರೂಮಲ್ಲಿ ಒಬ್ಬ ಹುಡುಗಿ ಕೂತಿರ್ತಾಳೆ.

ಲೈಟ್ ಹಾಕಿದ ತಕ್ಷಣ ರೇಡಿಯೋ ಬುಸ್ಸ್ಸ್. ಆರಿಸಿದ್ರೆ ಹುಡುಗಿ ದನಿ ಸ್ಪಷ್ಟ. ಸೊನ್ನೆ ನಾಲ್ಕು ಸಲ ಹಾಕಿ ಆರಿಸಿ ತೋರಿಸಿದ. ನನ್ನ ಮುಖ ನೋಡ್ದ. ಆ ನೋಟ ನನಗೆ ಸೇರಲಿಲ್ಲ.

"ಲೈಟ್ ಬದಲಾಯಿಸ್ಕೊಡ್ತೀನಿ ಅತ್ತಿಗೆ. ಅರ್ಧ ದಿನದ ಕೆಲಸ."

ರೇಡಿಯೋ ಮೇಲೆ ಇನ್ನೊಂದು ಗುಂಡಿ ಇತ್ತು. ಇದೇನೋ ಅಂದೆ. ಗದ್ದಲ ಅಡಗಿಸೋ ಗುಂಡಿಯಂತೆ. ತಿರುಗಿಸಿದೆ. ಬುಸ್ಸ್ ನಿಂತೇಹೋಯ್ತು! ಎಂಟೂ ಲೈಟ್ ಉರೀತಿದೆ, ರೇಡಿಯೋ ಗಪ್‌ಚುಪ್. "ಮುಗೀತಲ್ಲ? ಇದಕ್ಕೆ ಅರ್ಧ ದಿನ ಬೇಕಾ ನಿನಗೆ?"

"ಅಷ್ಟು ತಿರುಗಿಸ್ಬೇಡಿ. ಲೈಟ್ ಉರೀತಿದ್ರೆ ಗದ್ದಲದ ಜೊತೆ ದೂರದ ಮಾತೂ ಅಡಗಿಬಿಡುತ್ತೆ."

"ಕರಿ ಆ ಹುಡುಗೀನ." ಕರೆದ. ಮಾತಾಡಿದ್ಲು, ಗಂಟೆ ಹೊಡೆದ ಹಾಗೆ ಕೇಳಿಸ್ತು. "ಇಲ್ಲಿ ಕೇಳುತ್ತೆ ಅತ್ತಿಗೆ, ಆಫೀಸು ನೂರು ಅಡಿಯಲ್ಲಿದೆ. ದ್ವೀಪದ ಆಚೆ ಹೋದ್ರೆ…"

"ತಪ್ಪು ಉತ್ತರ ಬರೆದಾಗ ನೂರು ಸಲ ಇಂಪೊಸಿಷನ್ ಬರೆಸ್ತಿದ್ದೆ, ನೆನಪಿದೆಯಾ? ಈಗಲೂ ಬರೆಸ್ತೀನಿ ನೋಡು" ಅಂದೆ. ಇವರು ಅವನ ಭುಜ ಹಿಡ್ಕೊಂಡು ಹೊರಗೆ ಕರ್ಕೊಂಡು ಹೋದ್ರು. ಅಣ್ಣತಮ್ಮ ಜೆಟ್ಟಿ ಮೇಲೆ ಏನೋ ಗುಸುಗುಸು. ನನ್ನ ಬಗ್ಗೆಯೇ ಇರ್ಬೇಕು. ಇರ್ಲಿ.

ನವೆಂಬರ್ 3

ರೇಡಿಯೋ ಪಕ್ಕ ಸೊನ್ನೆ ಒಂದು ರಟ್ಟು ಅಂಟಿಸಿಹೋಗಿದಾನೆ. ಕೋಳಿ ಕೆದರಿದ ಅಕ್ಷರ.

"ತೊಂದರೆ ಆದ್ರೆ ಮೊದಲು ಲೈಟ್ ಆರಿಸಿ. ಬೋಟ್ ನಂಬರ್ ಹೇಳಿ. ಎಲ್ಲಿದೀರಿ ಹೇಳಿ. ಏನಾಯ್ತು ಹೇಳಿ. ಉತ್ತರ ಬರದಿದ್ರೂ ಎಲ್ಲಿದೀರಿ ಅಂತ ಹೇಳ್ತಾನೇ ಇರಿ."

ಉತ್ತರ ಬರದಿದ್ರೂ ಹೇಳ್ತಾನೇ ಇರ್ಬೇಕಂತೆ. ಗೋಡೆಗೆ ಪಾಠ ಮಾಡೋ ಅಭ್ಯಾಸ ನನಗಿಲ್ಲ. ಕೇಳ್ತಿದೀರಾ ಅಂತ ಕೇಳ್ಬೇಕು, ಕೇಳ್ತಿದೀವಿ ಅಂದ್ಮೇಲೆ ವಿಷಯ ಹೇಳ್ಬೇಕು. ಮತ್ತೆ ಆ ಮೊದಲ ಸಾಲು, ಅದು ನನಗೆ ಹೊಡೆದಿದ್ದು. ಕಿತ್ತು ಕಸಕ್ಕೆ ಹಾಕಿದೆ. ಇವರು ನೋಡಿದ್ರು. ಸರಿ ಬಿಡು ಅಂತಲೂ ಅನ್ನಲಿಲ್ಲ.

ನವೆಂಬರ್ 16, ಬೋಟಲ್ಲಿ

ಹತ್ತನೇ ದಿನ. ಬೆಳಿಗ್ಗೆ ಆರಕ್ಕೆ ಎದ್ದರೆ ಇವರು ಕತ್ತಲಲ್ಲಿ ಕೂತಿದಾರೆ. ಗೂಬೆ ಥರ. ರೇಡಿಯೋಗೆ ಕಿವಿ ಹಚ್ಚಿ ಹವಾಮಾನ ಕೇಳ್ತಿದಾರೆ. ಆ ಹುಡುಗಿಯೇ ಓದೋದು, ದಿನಾ ಆರಕ್ಕೆ. ಲೈಟ್ ಹಾಕಿದೆ. ರೇಡಿಯೋ ಬಿಟ್ಟು ಎದ್ರು.

"ಕತ್ತಲಲ್ಲಿ ಕೂರೋದ್ಯಾಕೆ? ಇಷ್ಟೊಂದು ಉಳಿತಾಯದ ಲೈಟು ಹಾಕ್ಸಿದೀನಿ?"

"ಹೀಗೇ ಸುಮ್ನೆ. ಚೆನ್ನಾಗಿ ಕೇಳುತ್ತೆ."

ಕತ್ತಲಲ್ಲಿ ಕಿವಿ ಚುರುಕಾಗುತ್ತಂತೆ! ವಯಸ್ಸಾಯ್ತು. ಗುಂಡಿಯನ್ನೂ ಯಾವಾಗಲೋ ಹಿಂದಕ್ಕೆ ತಿರುಗಿಸಿರ್ತಾರೆ, ನಾನು ಮತ್ತೆ ಮುಂದಕ್ಕೆ ತಿರುಗಿಸ್ತೀನಿ. ಇದೊಂದು ಆಟ ಆಗಿದೆ ನಮ್ಮಿಬ್ಬರದು.

ನವೆಂಬರ್ 29

ಲೆಕ್ಕ ಕರಾರುವಾಕ್ಕು. ದೀಪಕ್ಕೆ ದಿನಕ್ಕೆ ಮೂರೂವರೆ ಆಂಪ್ ಅವರ್. ಅಂದುಕೊಂಡಿದ್ದಕ್ಕಿಂತಲೂ ಕಮ್ಮಿ. ಜೆಟ್ಟಿಗೆ ಹೋದಾಗ ಸೊನ್ನೆಗೆ ಈ ಪುಟ ತೋರಿಸಿದೆ, ಅವನ ಶೆಡ್ಡಿನ ಗಿರಾಕಿಗಳ ಮುಂದೆಯೇ. "ಓದು ಗಟ್ಟಿಯಾಗಿ" ಅಂದೆ. ಓದಿದ. "ಯಾರು ಪಾಸು?" ಅಂದೆ. "ನೀವೇ ಅತ್ತಿಗೆ" ಅಂದ. ಗಿರಾಕಿಗಳು ನಕ್ಕರು. ಇವರು ಮಾತ್ರ ನೀರು ನೋಡ್ತಾ ನಿಂತಿದ್ರು.

ವಾಪಸ್ ಬರೋವಾಗ ಇವರು ಒಂದೇ ಮಾತಾಡಿದ್ದು. "ಅವನು ನಿನಗೆ ಹೆದರೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಈಗ ಬರೀ ಪ್ರೀತಿ. ಅದಕ್ಕೇ ಸುಮ್ನಿರ್ತಾನೆ." ಒಲೆ ಹಚ್ಚಿದೆ. ಅಡುಗೆ ಮಾಡಿದೆ.

ಡಿಸೆಂಬರ್ 11, ಸಂಜೆ

ಉತ್ತರದ ದ್ವೀಪದ ಹತ್ರ ಲಂಗರು ಹಾಕ್ತೀವಿ ಅಂತ ಇವರು ಜೆಟ್ಟಿಯಲ್ಲಿ ಹೇಳಿ ಬಂದಿದ್ರು. ಅಲ್ಲಿ ಬರೀ ಮರದ ನೆರಳು. ಸೋಲಾರ್ ಪ್ಯಾನೆಲ್ಲಿಗೆ ಬೆಳಗಿನ ಬಿಸಿಲು ಬೇಡ್ವಾ? ದಕ್ಷಿಣದ ಬಂಡೆ ಸಾಲಿಗೆ ಹೋಗೋಣ ಅಂದೆ. "ಜೆಟ್ಟಿಗೆ ಒಂದು ಮಾತು ಹೇಳ್ಬೇಕಲ್ಲ" ಅಂದ್ರು. ಬೆಳಿಗ್ಗೆ ಹೇಳಿದ್ರಾಯ್ತು ಅಂದೆ. ಸರಿ ಬಿಡು.

ಡಿಸೆಂಬರ್ 12

6.20 – ಇವರಿಗೆ ಎದೆ ನೋವು. ಬೆವರು. ಎಡಗೈ ಹಿಡ್ಕೊಂಡಿದಾರೆ. ಟೈಮ್ ಬರೆದಿಡ್ತಿದೀನಿ, ಡಾಕ್ಟರು ಕೇಳ್ತಾರೆ.

6.24 – ನಾಲಿಗೆ ಕೆಳಗೆ ಮಾತ್ರೆ. ಹೊರಗೆ ಮಂಜು, ನಮ್ಮ ಬೋಟಿನ ಮೂತಿಯೇ ಕಾಣ್ತಿಲ್ಲ. ಮೇಜಿನ ಲೈಟ್ ಎರಡು ಹಾಕಿದೀನಿ.

6.27 – ರೇಡಿಯೋದಲ್ಲಿ ಕರೆದೆ. ಬೋಟ್ ನಂಬರ್ ಹೇಳಿದೆ. ಎದೆ ನೋವು ಅಂದೆ. ಕೇಳ್ತಿದೀರಾ? ಉತ್ತರ ಇಲ್ಲ.

6.31 – ಇಲ್ಲ.

6.34 – ಮೊದಲು ಉತ್ತರ ಕೊಡಿ, ಎಲ್ಲಿದೀವಿ ಅಂತ ಆಮೇಲೆ ಹೇಳ್ತೀನಿ ಅಂದೆ. ಇಲ್ಲ. ನಿದ್ದೆ ಹೊಡೀತಿದಾಳೆ.

6.40 – ಇವರು ಕೈ ಎತ್ತಿ ಲೈಟ್ ತೋರಿಸ್ತಿದಾರೆ. ಮಾತು ಬರ್ತಿಲ್ಲ. ಕಣ್ಣು ಕತ್ತಲೆ ಬರ್ತಿದೆ ಅನ್ಸುತ್ತೆ. ಉಳಿದ ಆರನ್ನೂ ಹಾಕಿದೆ. ಎಂಟೂ ಉರೀತಿದೆ. ಬ್ಯಾಟರಿ ಹಾಳಾಗಿ ಹೋಗ್ಲಿ.

6.44 – ಮತ್ತೆ ತೋರಿಸ್ತಿದಾರೆ. ಎಲ್ಲಾ ಹಾಕಿದೀನಿ ರೀ, ಇನ್ಯಾವುದು ಹಾಕ್ಲಿ?

6.58 – ಕೂಗಿದೆ. ಬೈದೆ. ಒಬ್ಬರಾದ್ರೂ ಉತ್ತರ ಕೊಡ್ರೋ. ಬೋಟ್ ಓಡಿಸೋಕೆ ನನಗೆ ಬರಲ್ಲ. ಕಲಿ ಅಂದಿದ್ರು.

7.15 – ಕೈ ತಣ್ಣಗೆ. ಉಜ್ಜುತ್ತಿದೀನಿ.

7.20 – ಒಂದು ಗಂಟೆ ಆಯ್ತು.

7.38 –

8.35 – ಮಂಜು ಹರೀತು. ಎಂಜಿನ್ ಸದ್ದು. ಸೊನ್ನೆ ಮುಂದೆ ನಿಂತಿದಾನೆ. ಈಗ ಬಂದ.

ಜನವರಿ 4

ಇಪ್ಪತ್ಮೂರು ದಿನ ಬರೆಯಲಿಲ್ಲ. ಇವತ್ತು ಬರೆದಿದ್ದು ಇಲ್ಲಲ್ಲ, ಜೆಟ್ಟಿ ಆಫೀಸಿಗೆ. ದೂರು. ಮೂರು ಪುಟ. 6.27ರಿಂದ 7.38ರವರೆಗೆ ಕರೆದೆ, ರೇಡಿಯೋ ರೂಮಿಂದ ಒಂದೇ ಒಂದು ಉತ್ತರ ಬರಲಿಲ್ಲ, ಕರ್ತವ್ಯದಲ್ಲಿದ್ದ ಹುಡುಗಿಯನ್ನ ಕೆಲಸದಿಂದ ತೆಗೀಬೇಕು. ಸಮಯದ ಪಟ್ಟಿ ಲಗತ್ತಿಸಿದೆ. ಡಾಕ್ಟರು ಹೇಳಿದ್ರಲ್ಲ, ಒಂದು ಗಂಟೆಯೊಳಗೆ ಕರ್ಕೊಂಡು ಬಂದಿದ್ರೆ ಉಳೀತಿದ್ರು ಅಂತ. ಜೆಟ್ಟಿಯಿಂದ ಬಂಡೆ ಸಾಲಿಗೆ ಇಪ್ಪತ್ತು ನಿಮಿಷ. ಲೆಕ್ಕ ಹಾಕಿ ಅಂತ ಬರೆದೆ.

ಸಿಟ್ಟು ಇರೋದ್ರಿಂದ ಊಟ ಸೇರ್ತಿದೆ. ಇಲ್ಲಾಂದ್ರೆ ಏನಾಗ್ತಿದ್ದೆನೋ.

ಜನವರಿ 9

ಹುಡುಗಿಯನ್ನ ಸಸ್ಪೆಂಡ್ ಮಾಡಿದಾರೆ. ಒಳ್ಳೇದಾಯ್ತು. ಇನ್ನೂ ಪೂರ್ತಿ ತೆಗೀಬೇಕು.

ಸೊನ್ನೆ ಬಂದ. ಬಾಗಿಲಲ್ಲೇ ನಿಂತ. "ಆ ದೂರು ವಾಪಸ್ ತಗೊಳ್ಳಿ ಅತ್ತಿಗೆ."

"ಯಾಕೆ, ಅವಳು ನಿನ್ನ ನೆಂಟಳಾ?"

"ಅವಳ ತಪ್ಪಿಲ್ಲ. ಅವಳು… ಸಿಗ್ನಲ್ ಸರಿ ಇರ್ಲಿಲ್ಲ. ಮಂಜಿತ್ತು. ಅಷ್ಟಕ್ಕೆ ಬಿಡಿ."

"ನಿನಗೆ ಹೇಗೋ ಗೊತ್ತು?"

"ನಾನೂ ರೇಡಿಯೋ ರೂಮಲ್ಲೇ ಇದ್ದೆ."

"ಇದ್ದು ಏನು ಕಡಿದು ಗುಡ್ಡೆ ಹಾಕಿದೆ? ನಿನ್ನ ಅಣ್ಣ ಬೆಂಕಿಯಲ್ಲಿ ಬಿದ್ದೋರ ಹಾಗೆ ಒದ್ದಾಡ್ತಿದ್ರು. ಒಂದು ಮಾತು ಹೇಳೋಕೆ ಬಾಯಿ ಬರಲಿಲ್ವಾ? ಅಲ್ಲೂ ಸೊನ್ನೆಯೇ?"

ಗೋಡೆ ಹಿಡ್ಕೊಂಡ. ಗಂಡಸು ಹಾಗೆ ಅಳೋದು ನಾನು ನೋಡಿರಲಿಲ್ಲ, ಶಬ್ದವೇ ಇಲ್ಲ. "ಕೈ ಮುಗೀತೀನಿ, ವಾಪಸ್ ತಗೊಳ್ಳಿ. ಬೇಕಾದ್ರೆ ನನ್ನ ಮೇಲೆ ದೂರು ಕೊಡಿ, ವೈರಿಂಗ್ ಸರಿ ಮಾಡಿಲ್ಲ ಅಂತ. ನಾನು ಒಪ್ಕೋತೀನಿ."

ಅಂದ್ರೆ ತಪ್ಪು ರೇಡಿಯೋ ರೂಮಿನವರದ್ದೇ, ಎಲ್ಲ ಸೇರಿ ಮುಚ್ಚಿಡ್ತಿದಾರೆ. ಬಾಗಿಲು ಹಾಕಿದೆ. ನಾಳೆಯೇ ಇನ್ನೊಂದು ಅರ್ಜಿ. ರೇಡಿಯೋ ರೂಮಲ್ಲಿ ಎಲ್ಲಾ ಮಾತೂ ರೆಕಾರ್ಡ್ ಆಗುತ್ತಂತೆ. ಎಲ್ಲರ ಮುಂದೆ ಹಾಕಿಸ್ತೀನಿ.

ಜನವರಿ 24

ಹಾಕಿದ್ರು.

ಆಫೀಸರ ಕೋಣೆ. ಮೇಜಿನ ಆ ಕಡೆ ಆಫೀಸರು, ಈ ಕಡೆ ನಾನು, ಗೋಡೆ ಪಕ್ಕ ಆ ಹುಡುಗಿ. ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಮಡಿಲಲ್ಲಿ ಕೈ ಕಟ್ಕೊಂಡಿದ್ಲು. ಸೊನ್ನೆ ಬಾಗಿಲ ಹತ್ರ ನಿಂತೇ ಇದ್ದ. ಆಫೀಸರು ಕೇಳಿದ್ರು, "ಅಮ್ಮ, ಹಾಕಲೇಬೇಕಾ?" ಹಾಕಲೇಬೇಕು ಅಂದೆ.

ಮೊದಲು ನನ್ನ ದನಿ. ಬೋಟ್ ನಂಬರ್. ಎದೆ ನೋವು. ಕೇಳ್ತಿದೀರಾ?

ತಕ್ಷಣ ಹುಡುಗಿ. "ಕೇಳ್ತಿದೆ ಅಮ್ಮ. ಎಲ್ಲಿದೀರಿ?"

ನಾನು: "ಯಾರಾದ್ರೂ ಇದೀರಾ?"

"ಇದೀವಿ ಅಮ್ಮ. ಎಲ್ಲಿದೀರಿ, ಅಷ್ಟು ಹೇಳಿ. ಬೋಟ್ ರೆಡಿ ಇದೆ."

ನಾನು: "ಮೊದಲು ಉತ್ತರ ಕೊಡಿ, ಎಲ್ಲಿದೀವಿ ಅಂತ ಆಮೇಲೆ ಹೇಳ್ತೀನಿ."

"ಕೊಡ್ತಿದೀನಿ ಅಮ್ಮ, ಕೊಡ್ತಾನೇ ಇದೀನಿ…" ಅಳ್ತಿದ್ಲು ಆಗಲೇ.

ನಾನು: "ನಿದ್ದೆ ಹೊಡೀತಿದೀರೇನ್ರೇ ಅಲ್ಲಿ?"

ಬಾಗಿಲು ತಳ್ಳಿದ ಸದ್ದು, ಓಡಿಬಂದ ಏದುಸಿರು. "ಅತ್ತಿಗೆ, ನಾನು. ಲೈಟ್ ಆರಿಸಿ." ಮತ್ತೆ, "ಅತ್ತಿಗೆ, ಲೈಟ್ ಆರಿಸಿ. ಕೇಳುತ್ತೆ. ಲೈಟ್ ಆರಿಸಿ." ಹಿಂದೆ ಯಾರೋ, "ಎಂಜಿನ್ ಸ್ಟಾರ್ಟ್ ಮಾಡಿದೀನಿ, ಯಾವ ಕಡೆ ಹೋಗ್ಲಿ?" ಅಂತ ಕೂಗ್ತಿದ್ರು. ಉತ್ತರದ ದ್ವೀಪ ಅಂದ. ಅಣ್ಣ ಹೇಳಿದ್ದು ಅದನ್ನೇ ಅಲ್ವಾ.

ಆಮೇಲೆ ಅವನ ದನಿ, ನಮ್ಮನ್ನ ಹುಡುಕೋಕೆ ಹೊರಟ ಬೋಟಿಂದ. "ಅತ್ತಿಗೆ, ನೀವು ಉತ್ತರದಲ್ಲಿ ಇಲ್ಲ. ಲೈಟ್ ಆರಿಸಿ. ಎಲ್ಲಿದೀರಿ? ಲೈಟ್ ಆರಿಸಿ."

ನಾನು ಬೈದೆ. ಅವನು ಲೈಟ್ ಆರಿಸಿ ಅಂದ. ನಾನು ಕೂಗಿದೆ. ಅವನು ಲೈಟ್ ಆರಿಸಿ ಅಂದ. 7.38ಕ್ಕೆ ನಾನು "ಹೋಗ್ಬಿಟ್ರು ಕಣ್ರೋ" ಅಂದಿದ್ದು ಇದೆ. ಆಮೇಲೆ ಮೆಲ್ಲಗೆ, "ಮಿಸ್. ಲೈಟ್ ಆರಿಸಿ ಮಿಸ್. ನಿಮ್ಮನ್ನಾದ್ರೂ ಹುಡುಕ್ತೀನಿ."

ಆಫೀಸರು ನಿಲ್ಲಿಸಿದ್ರು. ಇನ್ನೊಂದು ಸಲ ಹಾಕಿ ಅಂದೆ. ಬೇಡಮ್ಮ ಅಂದ್ರು. ಹಾಕಿ ಅಂದೆ. ಎರಡನೇ ಸಲ ಎಣಿಸಿದೆ. ನನಗೆ ಗೊತ್ತಿರೋದು ಅದೊಂದೇ. ಮೂವತ್ತೊಂದು ಸಲ ಲೈಟ್ ಆರಿಸಿ ಅಂದಿದಾನೆ.

ಹುಡುಗಿ ಎದ್ದು ನೀರು ತಂದುಕೊಟ್ಟಳು. ಕುಡಿದೆ. ಕ್ಷಮಿಸು ಅನ್ನೋಕೆ ಬಾಯಿ ತೆರೆದೆ, ಬರಲಿಲ್ಲ. ದೂರಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದೆ.

ಹೊರಗೆ ಮೆಟ್ಟಿಲ ಮೇಲೆ ಅವನಿಗೆ ಅಂದೆ, "ಮೊದಲೇ ಹೇಳ್ಬಹುದಿತ್ತಲ್ಲೋ." ಅದೂ ಬೈಗುಳದ ಹಾಗೇ ಬಂತು.

"ಅಣ್ಣ ಇದ್ದಿದ್ರೆ ಹೇಳ್ಬೇಡ ಅಂತಿದ್ದ ಅತ್ತಿಗೆ."

ಜನವರಿ 25, ಬೆಳಿಗ್ಗೆ 5.50

ಬೋಟಲ್ಲಿ. ಒಬ್ಬಳೇ. ಕಟ್ಟಿದ ಜಾಗದಿಂದ ಬಿಚ್ಚಿಲ್ಲ, ಬರಲ್ಲವಲ್ಲ ನನಗೆ.

ಎಂಟೂ ಹಾಕಿದೆ. ನಾನು ತಿರುಗಿಸಿದ ಗುಂಡಿ ತಿರುಗಿಸಿದಲ್ಲೇ ಇದೆ. ರೇಡಿಯೋ ಮೌನ. ಅವತ್ತಿನ ಹಾಗೇ. ಹಿಂದಕ್ಕೆ ತಿರುಗಿಸಿದೆ. ಬುಸ್ಸ್ಸ್.

ಇವರು ಲೈಟ್ ತೋರಿಸಿದ್ರು. ಎರಡು ಸಲ. ಮಾತು ಹೋಗಿತ್ತು, ಕೈಗೆ ಇನ್ನೂ ಶಕ್ತಿಯಿತ್ತು. ದಿನಾ ಕತ್ತಲಲ್ಲಿ ಕೂತು ಕೇಳ್ತಿದ್ರಲ್ಲ, ಅವರಿಗೆ ಗೊತ್ತಿತ್ತು. ಜಗಳ ಬೇಡ ಅಂತ ಕತ್ತಲಲ್ಲಿ ಕೂತಿದ್ರು. ನಾನು ಇನ್ನೂ ಆರು ಹಾಕಿದೆ. ಅಷ್ಟೂ ಬೆಳಕಲ್ಲಿ ಅವರ ಮುಖ ನೋಡ್ತಾ ಕೂತಿದ್ದೆ. ನನ್ನ ಮೇಲೆ ಸಿಟ್ಟಿತ್ತಾ ಆ ಕಣ್ಣಲ್ಲಿ? ನೆನಪಾಗ್ತಿಲ್ಲ. ನೆನಪು ಮಾಡ್ಕೊಳ್ಳೋಕೆ ಭಯ. ಎರಡು ಆಂಪ್ ಅವರ್‌ಗೆ ಕೊಂದೆ.

6.00

ಒಂದೊಂದೇ ಆರಿಸಿದೆ. ಎಂಟನೇದು ಆರಿದ್ದೇ ಆ ಹುಡುಗಿ ದನಿ. ಕೆಲಸಕ್ಕೆ ವಾಪಸ್ ಬಂದಿದಾಳೆ. ಗಾಳಿ ಕಮ್ಮಿ, ಮಂಜು ಇಲ್ಲ, ನೀರು ಶಾಂತ ಅಂತಿದಾಳೆ. ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟ.

ಕತ್ತಲಲ್ಲೇ ಬರೀತಿದೀನಿ. ಗೆರೆ ಮೇಲೆ ಕೂರ್ತಿದೆಯೋ ಇಲ್ವೋ. ತಪ್ಪು ಉತ್ತರಕ್ಕೆ ನೂರು ಸಲ. ನಿಯಮ ಎಲ್ಲರಿಗೂ ಒಂದೇ.

1. ಲೈಟ್ ಆರಿಸಬೇಕಿತ್ತು.

2. ಲೈಟ್ ಆರಿಸಬೇಕಿತ್ತು.

3. ಲೈಟ್ ಆರಿಸಬೇಕಿತ್ತು.

4. ಲೈಟ್ ಆರಿಸಬೇಕಿತ್ತು.

5. ಲೈಟ್ ಆರಿಸಬೇಕಿತ್ತು ರೀ.

6. ಲೈಟ್